ಚಡಪಡಿಸುವ ಕಾಲುಗಳ ಚರಿತ್ರೆ

ಪರೀಕ್ಷೆಯ ಕೊಠಡಿಯಲ್ಲಿ 3 ಗಂಟೆ ಕುಳಿತು ಬರೆದ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಎಷ್ಟು ಹಾಯೆನಿಸುತ್ತದೆಂದು ನಿಮಗೆ ಗೊತ್ತು. ಆದರೆ ಏಳುವಂತೆಯೇ ಇಲ್ಲದಿದ್ದರೆ? ಮೂತ್ರಪಿಂಡಗಳು ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ, ಡಯಾಲಿಸಿಸ್ ಯಂತ್ರಕ್ಕೆ ತೋಳೊಡ್ಡಿ ಇರಬೇಕಾಗುತ್ತದೆ. ಅವರಲ್ಲಿ ಹಲವರಿಗೆ ಆ ಹೊತ್ತಿನಲ್ಲೂ ರಾತ್ರಿ ಹಾಸಿಗೆಯಲ್ಲೂ ಕಾಲಿನೊಳಗೆ ಹುಳು ಹರಿದಂತಾಗುತ್ತದೆ. ಕಾಲಾಡಿಸಿದರೆ ಶಮನ; ನಿಲ್ಲಿಸಿದರೆ ಮತ್ತೆ ಅದೇ ಕಾಟ.

ಈ ಬಾಧೆ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಲ್ಯಾಟಿನ್ ಗ್ರಂಥವೊಂದರಲ್ಲಿ ಇದನ್ನು ವರ್ಣಿಸಿದರು. ಇಂಥವರಿಗೆ ಹಾಸಿಗೆಯೇ ಚಿತ್ರಹಿಂಸೆಯ ತಾಣವಾಗುತ್ತದೆಂದರು. ಆದರೂ 19ನೆಯ ಶತಮಾನದಲ್ಲಿ ಇದನ್ನು ಬರಿಯ ಮನಸ್ಸಿನ ಉದ್ವೇಗವೆಂದು ಬಗೆದ ವೈದ್ಯರಿದ್ದರು.

1945ನೆಯ ಇಸವಿಯನ್ನು ನೆನಪಿಡಿ. ಆ ವರ್ಷ ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬಾಮ್ ಹಲವು ರೋಗಿಗಳನ್ನು ಪರೀಕ್ಷಿಸಿ ಈ ಬಾಧೆಗೆ ‘ಚಡಪಡಿಸುವ ಕಾಲುಗಳು’ ಎಂಬರ್ಥದ ಹೆಸರಿಟ್ಟರು. ಅದೇ ವರ್ಷ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕಾಲ್ಫ್ ಎಂಬ ವೈದ್ಯರ ಕೃತಕ ಮೂತ್ರಪಿಂಡ 67 ವರ್ಷದ ಮಹಿಳೆಯೊಬ್ಬರನ್ನು ಸಾವಿನಿಂದ ಪಾರುಮಾಡಿತು. ಯುದ್ಧಕಾಲದ ಅಭಾವದ ನಡುವೆ, ಮಾಂಸದ ತಿನಿಸು ತುಂಬುವ ಸೆಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಅವರು ಆ ಯಂತ್ರವನ್ನು ಕಟ್ಟಿದ್ದರು.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ಟೆಫ್ಲಾನ್ ಕೊಳವೆ ಅಳವಡಿಸಿದರು. ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕೊಯ್ಯುವುದು ತಪ್ಪಿತು; ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಹೀಗೆ ಯಂತ್ರ ಜೀವ ಉಳಿಸಿತು. ಆದರೆ ಚಡಪಡಿಸುವ ಕಾಲಿನವರನ್ನು ಗಂಟೆಗಟ್ಟಲೆ ಒಂದೇ ಕಡೆ ಕಟ್ಟಿಹಾಕಿತು. ಕಾಟ ತಾಳಲಾರದೆ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿ ಏಳುವ ರೋಗಿಗಳೂ ಇದ್ದಾರೆ. ಹಾಗೆ ಎದ್ದರೆ ರಕ್ತ ಪೂರ್ತಿ ಶುದ್ಧವಾಗುವುದಿಲ್ಲ.

ಇದಕ್ಕೆ ಔಷಧಿಗಳಿವೆ, ಅವುಗಳ ಅಡ್ಡಪರಿಣಾಮಗಳೂ ಇವೆ. ಬೇರೆ ದಾರಿ ಇಲ್ಲವೇ? ಗ್ರೀಸ್ ದೇಶದ ಥೆಸ್ಸಲಿ ಪ್ರಾಂತದ ಸಂಶೋಧಕರು ಡಯಾಲಿಸಿಸ್ ನಡೆಯುತ್ತಿರುವಾಗಲೇ ರೋಗಿಗಳಿಂದ ಸೈಕಲ್ ಪೆಡಲು ತುಳಿಸಿದರು. 2013ರಲ್ಲಿ ಪ್ರಕಟವಾದ ಈ 6 ತಿಂಗಳ ಪ್ರಯೋಗದಲ್ಲಿ ಇದ್ದವರು 24 ಮಂದಿ. ಒಂದು ಗುಂಪಿನವರ ಪೆಡಲಿಗೆ ಬಿಗಿಯಿತ್ತು, ಇನ್ನೊಂದು ಗುಂಪಿನವರದಕ್ಕೆ ಇರಲಿಲ್ಲ. ಬಿಗಿ ಪೆಡಲು ತುಳಿದವರ ಕಾಲಿನ ಕಾಟ ಬಹಳಷ್ಟು ತಗ್ಗಿತು. ಪ್ರಯೋಗ ಚಿಕ್ಕದು, ನಿಜ. ಆದರೆ ಅದು ತೋರಿದ ದಾರಿ ಸರಳವಾದದ್ದು, ಅಗ್ಗವಾದದ್ದು.

ಇಂಥ ವ್ಯಾಯಾಮಕ್ಕೆ ವೈದ್ಯರ ಒಪ್ಪಿಗೆ ಬೇಕೇ ಬೇಕು. ಸೂಜಿ ಚುಚ್ಚಿದ ತೋಳು ಅಲುಗಬಾರದು. ಕೊನೆಯ ಹೊತ್ತಿಗೆ ರಕ್ತದೊತ್ತಡ ಇಳಿಯಬಹುದಾದ್ದರಿಂದ ಮೊದಲ 2 ಗಂಟೆಗಳೊಳಗೇ ವ್ಯಾಯಾಮ ಮುಗಿಸುವುದು ವಾಡಿಕೆ. ಕಬ್ಬಿಣಾಂಶದ ಕೊರತೆಯಿಂದಲೂ ಚಡಪಡಿಕೆ ಹೆಚ್ಚುವುದುಂಟು. ಅದಕ್ಕೆ ರಕ್ತಪರೀಕ್ಷೆ ಅಗತ್ಯ.

ಈ ಚರಿತ್ರೆ ನಮಗೆ ಹೇಳುವುದೇನು? ಕಾಲಾಡಿಸಿದರೆ ನೆಮ್ಮದಿಯೆಂದು ರೋಗಿಗಳು ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಆ ಮಾತಿಗೆ ಚಿಕಿತ್ಸೆಯ ಸ್ಥಾನ ಸಿಗಲು ಬಹುಕಾಲ ಹಿಡಿಯಿತು. ನಿಮ್ಮ ಮನೆಯ ಹಿರಿಯರು ರಾತ್ರಿ ಕಾಲಿನ ಕಾಟದಿಂದ ನಿದ್ದೆಯಿಲ್ಲವೆಂದರೆ ‘ವಯಸ್ಸಾಯಿತು’ ಎಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ವೈದ್ಯರ ಬಳಿಗೆ ಕರೆದೊಯ್ಯಿರಿ.