ನಡುಗುವ ಉಸುಕು ಮತ್ತು ಶ್ರೀರಂಗಪಟ್ಟಣದ ವಜ್ರ

ಬಿಂಕದಕಟ್ಟಿಯಿಂದ ಯಾವ ದಿಕ್ಕಿಗೆ ನೋಡಿದರೂ ಕಡಲು ಕಾಣದು. ಆದರೂ ಗದಗ ಸೀಮೆಯ ಎರೆಯಲ್ಲಿ ಬಂಡಿಯು ಅಚ್ಚಿನವರೆಗೆ ಹೂತುಹೋದುದನ್ನು ಕಂಡವರಿಗೆ, ನೆಲವೇ ಹಿಡಿದೆಳೆಯುವ ಭೀತಿಯು ತೀರ ಅಪರಿಚಿತವಲ್ಲ. ಅದನ್ನು ನೂರ್ಮಡಿಗೊಳಿಸಿ ಭಾವಿಸಿದರೆ, ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಯಾರ್ಕ್‌ಶೈರ್ ಕಡಲತಡಿಯು ವಾಚಕರ ಕಣ್ಣಿಗೆ ಕಟ್ಟೀತು. 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಹೊರಟ ಈ ಕೃತಿಯನ್ನು ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಮೊದಲ ಸಾಲಿನಲ್ಲಿ ಎಣಿಸುವರು.

ಬಂಡೆಗಲ್ಲುಗಳ ಎರಡು ಚಾಚುಗಳ ನಡುವೆ ಉಸುಕಿನದೊಂದು ಹರಹು. ಭರತವು ತಿರುಗುವ ವೇಳೆಗೆ ಅದರ ಮೈಯೆಲ್ಲ ನಡುಗುವುದು. ದೋಣಿಗಳು ಅಲ್ಲಿಗೆ ಬಾರವು. ಬೆಸ್ತರ ಮಕ್ಕಳು ಅಲ್ಲಿ ಆಡರು. ಹಕ್ಕಿಗಳೂ ದೂರವೇ ಉಳಿಯುವುವು. ರೋಸಾನಾ ಎಂಬ ಬಡ ಸೇವಕಿಯು ಅಲ್ಲಿಯೇ ಪ್ರಾಣವನ್ನು ನೀಗುವಳು. ಇಷ್ಟು ಭಯಂಕರವಾದ ಚಿತ್ರದಲ್ಲಿ ದೆವ್ವವು ಮಾತ್ರ ಒಂದೂ ಇಲ್ಲ.

ಆದರೆ ಕಥೆಯು ತೊಡಗುವುದು ಯಾರ್ಕ್‌ಶೈರಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1799ನೆಯ ಮೇ 4ರಂದು, ಕೋಟೆಯು ಬಿದ್ದ ದಿನ. ಹರ್ನ್‌ಕಾಸಲ್ ಎಂಬ ಅಧಿಕಾರಿಯು ಕಾವಲಿನವರ ರಕ್ತವನ್ನು ಹರಿಯಿಸಿ, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಅಪಹರಿಸುವನು. ಆ ವಜ್ರವೂ ಅದರ ಶಾಪವೂ ಕವಿಕಲ್ಪಿತ. ಕೊಹಿನೂರು ಮೊದಲಾದ ರತ್ನಗಳ ಕಥೆಗಳೇ ತನಗೆ ಆಧಾರವೆಂದು ಕಾಲಿನ್ಸನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿರುವನು. ಕೊಳ್ಳೆಯಾದರೋ ಕಲ್ಪಿತವಲ್ಲ. ಟಿಪ್ಪುವು ಮಡಿದ ಆ ರಾತ್ರಿ ಪಟ್ಟಣವು ಸೂರೆಹೋಯಿತು. ಮರುದಿನ ಅಧಿಕಾರವನ್ನು ವಹಿಸಿದ ಆರ್ಥರ್ ವೆಲ್ಲೆಸ್ಲಿಯು ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಬೇಕಾಯಿತು. ಬಳಿಕ ನಡೆದುದೇನು? ಸಿಪಾಯಿಯು ಕಿತ್ತುಕೊಂಡರೆ ಕಳವು. ಅಧಿಕಾರಿಗಳು ಲೆಕ್ಕಹಾಕಿ ಹಂಚಿಕೊಂಡರೆ ಯುದ್ಧಲಾಭ! ಹನ್ನೊಂದು ಲಕ್ಷ ಪೌಂಡುಗಳಿಗೂ ಮಿಕ್ಕ ಸಂಪತ್ತು ಪದವಿಗೆ ತಕ್ಕಂತೆ ಪಾಲಾಯಿತು. ಹಂಚಿಕೆಗೆಂದು ಚಿನ್ನದ ಹೊದಿಕೆಯ ಹುಲಿ ಸಿಂಹಾಸನವನ್ನೇ ಒಡೆದರು. ಅದರ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿಯು ಇಂಗ್ಲೆಂಡಿನ ಅರಸನ ಪಾಲಾಯಿತು. ಸಿಪಾಯಿಯನ್ನು ಕೆಡವಿದ ಮರದ ಹುಲಿಯು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಇದನ್ನು ಮನಸ್ಸಿನಲ್ಲಿಟ್ಟು ಕಾದಂಬರಿಯ ನಡುಭಾಗವನ್ನು ಓದಬೇಕು. ವಜ್ರವು ಮಾಯವಾದ ಮನೆಯ ಬಂಧುವಾದ ಫ್ರಾಂಕ್ಲಿನ್ ಬ್ಲೇಕನು ಕಳ್ಳನನ್ನು ಅರಸುತ್ತ ಬಂದು, ಉಸುಕಿನಲ್ಲಿ ಹೂತಿದ್ದ ತಗಡಿನ ಪೆಟ್ಟಿಗೆಯನ್ನು ಮೇಲಕ್ಕೆಳೆಯುವನು. ಒಳಗೆ ಬಣ್ಣದ ಕಲೆ ಹತ್ತಿದ ರಾತ್ರಿಯ ಉಡುಪು. ಅದರ ಮೇಲೆ ಅವನದೇ ಹೆಸರು! ಅಫೀಮಿನ ಮಂಪರಿನಲ್ಲಿ ತಾನು ಮಾಡಿದುದನ್ನು ತಾನೇ ಅರಿಯನು. (ಅದೇ ಅಫೀಮಿನ ವ್ಯಾಪಾರದಿಂದ ಕಂಪನಿ ಸರಕಾರದ ಬೊಕ್ಕಸವು ತುಂಬುತ್ತಿದ್ದಿತು.) ನನ್ನ ಮಟ್ಟಿಗೆ ಉಸುಕಿನ ನಿಜವಾದ ಭಯವು ಇಲ್ಲಿದೆ, ರೋಸಾನಾಳ ಸಾವಿನಲ್ಲಿ ಅಷ್ಟಾಗಿ ಇಲ್ಲ.

ಕೃತಿಯು ಹೊರಡುವುದಕ್ಕೆ ಹತ್ತೇ ವರುಷ ಮೊದಲು, 1858ರಲ್ಲಿ, ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದಿದ್ದನು. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದರು. ಇಂಗ್ಲೆಂಡಿನ ಜನರ ರೋಷವು ಇನ್ನೂ ಆರಿರಲಿಲ್ಲ. ಅಂಥ ಕಾಲದಲ್ಲಿ ಕಾಲಿನ್ಸನು ವಜ್ರವನ್ನು ಬೆನ್ನಟ್ಟಿದ ಮೂವರು ಬ್ರಾಹ್ಮಣರನ್ನು, ಅವರು ಮಾಡಿದ ಕೊಲೆಯನ್ನು ಮುಚ್ಚಿಡದೆಯೇ, ಗೌರವದಿಂದ ಚಿತ್ರಿಸಿದುದು ಸಣ್ಣ ಧೈರ್ಯವಲ್ಲ. ಕೊನೆಗೆ ವಜ್ರವು ಸೋಮನಾಥದ ಚಂದ್ರದೇವನ ಹಣೆಯನ್ನು ಸೇರುವುದು. ಶ್ರೀರಂಗಪಟ್ಟಣದ ಹೆಸರನ್ನು ಮಾತ್ರ ಅಷ್ಟುಹೊತ್ತಿಗೆ ಗ್ರಂಥಕರ್ತನೂ ಮರೆತಂತಿದೆ.