ಮರೆವಿನ ಆರೈಕೆ: ಬಿಲ್ಲು ಯಾರ ಹೆಸರಿಗೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಮರೆವು ರೋಗವಲ್ಲ, ವಯಸ್ಸಿನ ಗುಣ ಎಂದು ನಂಬಿದ್ದ ಕಾಲದಲ್ಲಿ ಅದರ ಆರೈಕೆಗೆ ಬೆಲೆ ಕಟ್ಟುವ ಪ್ರಶ್ನೆಯೇ ಇರಲಿಲ್ಲ. ಅದು ಹೆಂಡತಿಯ ಅಥವಾ ಸೊಸೆಯ ಪಾಲಿನ ಕೆಲಸ. ಮರೆವು ಆಸ್ಪತ್ರೆಯ ಹೊಸ್ತಿಲು ದಾಟಿದಾಗ ಅದರ ಹಿಂದೆಯೇ ಹಣದ ತಕರಾರೂ ಒಳಬಂತು.

ಇದಕ್ಕೆ ಜರ್ಮನಿಯ ಆಗುಸ್ಟ ಡೀಟರ್ ಪ್ರಕರಣವೇ ಸಾಕ್ಷಿ. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿದಾಗ ಆಕೆಗಿನ್ನೂ 51 ವರ್ಷ. ಗಂಡನ ಹೆಸರೇನೆಂದು ವೈದ್ಯ ಅಲೋಯಿಸ್ ಆಲ್ಜೈಮರ್ ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ಆ ಗಂಡ ಕಾರ್ಲ್, ರೈಲ್ವೆ ನೌಕರ. ವೆಚ್ಚ ಭರಿಸಲಾಗದೆ ಪತ್ನಿಯನ್ನು ಕಡಿಮೆ ಖರ್ಚಿನ ಕಡೆಗೆ ಕಳಿಸಬೇಕೆಂದು ಆತ ಕೇಳಿಕೊಂಡ. ಆಲ್ಜೈಮರ್ ಮಧ್ಯೆ ಬಂದುದರಿಂದ ಆಕೆ ಅಲ್ಲೇ ಉಳಿದಳು. 1906ರ ಏಪ್ರಿಲ್ 8ರಂದು ತೀರಿಕೊಂಡಳು. ಆಕೆಯ ಮಿದುಳಿನ ಅಧ್ಯಯನದಿಂದ ರೋಗಕ್ಕೆ ವೈದ್ಯನ ಹೆಸರು ಬಂತು. ಹಣಕ್ಕಾಗಿ ಪರದಾಡಿದ ಗಂಡ ಅಡಿಟಿಪ್ಪಣಿಯಾದ.

ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ‘ಹುಚ್ಚಾಸ್ಪತ್ರೆ’ 1925ರಲ್ಲಿ ಮಾನಸಿಕ ಆಸ್ಪತ್ರೆ ಎನಿಸಿತು. 1974ರಲ್ಲಿ ಅದೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಆದರೆ ಮರೆವಿನ ರೋಗ ನಾಲ್ಕು ದಿನದ ಚಿಕಿತ್ಸೆಗೆ ಮುಗಿಯುವಂಥದಲ್ಲ; ಊಟ, ಸ್ನಾನ, ರಾತ್ರಿಯ ಕಾವಲು ಎಂದು ವರ್ಷಗಟ್ಟಲೆ ಬೇಡುತ್ತದೆ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ.

ಬಿಲ್ಲನ್ನು ಪ್ರಶ್ನಿಸುವ ಹಕ್ಕು ನಮ್ಮಲ್ಲಿ ತಡವಾಗಿ ಬಂತು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಹಣ ಕಟ್ಟಿದವರಷ್ಟೇ ಅಲ್ಲ, ಸೇವೆ ಪಡೆದ ರೋಗಿಯೂ ಗ್ರಾಹಕನೇ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರವೂ ಬಂತು. ಖಾಸಗಿ ವೈದ್ಯರು ಆಗ ಮುಷ್ಕರ ಹೂಡಿದ್ದರು.

ಶಿರಾ ತಾಲ್ಲೂಕಿನ ಮದಲೂರಿನಂಥ ಊರಿಗೆ ಇವೆಲ್ಲ ತುಮಕೂರಿನಲ್ಲಿ ಸಿಗುವ ನ್ಯಾಯ. ಅಲ್ಲಿಗೆ ಹೋಗಲು ರಸೀದಿ ಬೇಕು, ಓಡಾಡುವ ಆಳು ಬೇಕು. ಮನೆಯಲ್ಲಿ ಗಂಡನನ್ನು ಒಬ್ಬನೇ ಬಿಟ್ಟು ಹೋಗಲಾಗದ ಹೆಂಡತಿಗೆ ಎರಡನೆಯದೇ ಕಷ್ಟ. ಆಸ್ಪತ್ರೆಯ ಆರೈಕೆಗಾದರೆ ದರಪಟ್ಟಿಯಿದೆ, ತಕರಾರಿಗೆ ಕಚೇರಿಯಿದೆ. ಆಕೆಯ ಆರೈಕೆಗೆ ಬಿಲ್ಲೂ ಇಲ್ಲ, ಅದನ್ನು ಕೇಳುವ ಕಚೇರಿಯೂ ಇಲ್ಲ.