ಹಾಸಿನ ಅಳತೆ

ನಂಜನಗೂಡಿನಿಂದ ಚಾಮರಾಜನಗರದತ್ತ ಸಾಗುವ ರೈಲುಮಾರ್ಗದ ಕವಲಂದೆಯಂತಹ ಊರುಗಳಲ್ಲಿ, ಕೋಣೆಯ ಉದ್ದಗಲಗಳನ್ನಳೆದು ಅದಕ್ಕೊಪ್ಪುವ ರತ್ನಗಂಬಳಿಯನ್ನು ತರಿಸುವ ಪದ್ಧತಿ ಹಿಂದೆ ಸಾಮಾನ್ಯವಾಗಿರಲಿಲ್ಲ. ಚಾಪೆಯನ್ನೋ ಕಂಬಳಿಯನ್ನೋ ಬೇಕಾದಾಗ ಬಿಡಿಸಿ, ಕಾರ್ಯ ಮುಗಿದೊಡನೆ ಸುತ್ತಿ ಮೂಲೆಗಿರಿಸುವ ಗೃಹದಲ್ಲಿ, ಹಾಸಿನ ಪರಿಮಾಣವನ್ನು ನಿರ್ಣಯಿಸುತ್ತಿದ್ದವರು ಬಂದು ಕುಳಿತ ಜನರೇ. ಕುರುಬರ ಕರಿಯ ಕಂಬಳಿಯ ಅಗಲವಾದರೋ ಮಗ್ಗಕ್ಕೆ ಅಧೀನವಾಗಿದ್ದು, ವಿಶಾಲವಾದುದನ್ನು ಬಯಸಿದವರು ಪಟ್ಟಿಗಳನ್ನು ಅಂಚಿಗಂಚು ಹೊಲಿಸಿಕೊಳ್ಳಬೇಕಾಗುತ್ತಿತ್ತು.

ಧಾರವಾಡ ಸೀಮೆಯ ನವಲಗುಂದದಲ್ಲಿ, ಕುಳಿತವರಿಗೆ ತಕ್ಕಂತೆ ಹಾಸನ್ನು ಅಳೆಯುವ ಈ ವಿವೇಕ ಇನ್ನೂ ಸೂಕ್ಷ್ಮವಾಯಿತು. ಅಲ್ಲಿಯ ಮುಸ್ಲಿಂ ಸ್ತ್ರೀಯರು ಮನೆಯೊಳಗಣ ನೆಟ್ಟನೆಯ ಮಗ್ಗದ ಮುಂದೆ ಕುಳಿತು, ಹತ್ತಿಯ ನೂಲಿನಲ್ಲಿ ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುತ್ತ, ಕೂಟಕ್ಕೆ ಜಮಖಾನವನ್ನೂ, ಒಬ್ಬನು ನಮಾಜು ಮಾಡುವಷ್ಟೇ ಸ್ಥಳಕ್ಕೆ ಜಾನಮಾಜನ್ನೂ ಪ್ರತ್ಯೇಕವಾಗಿ ನೆಯ್ದರು. ದೇಹವನ್ನೇ ಮಾನದಂಡವಾಗಿಸಿಕೊಂಡ ಈ ಅಳತೆಗಿಂತ ನಿರ್ದೋಷವಾದುದನ್ನು ನಾನು ಕಾಣೆ.

ಮೈಸೂರು ಸಂಸ್ಥಾನದಲ್ಲಿ ರತ್ನಗಂಬಳಿಯ ಪ್ರಸಿದ್ಧಿ ಬೆಂಗಳೂರಿನದಾಗಿತ್ತು. 19ನೆಯ ಶತಮಾನದಲ್ಲಿ ಅಲ್ಲಿಯ ರತ್ನಗಂಬಳಿಗಳು ಎರಡು ಮಗ್ಗುಲಲ್ಲಿಯೂ ಒಂದೇ ಚಿತ್ತಾರವನ್ನು ತೋರುವುದಕ್ಕೂ ಬಾಳಿಕೆಗೂ ಹೆಸರಾಗಿದ್ದುವು; ಸೆಂಟ್ರಲ್ ಜೈಲಿನ ಬಂದಿಗಳು ಪಾರಸಿಕ ಮಾದರಿಗಳನ್ನನುಸರಿಸಿ ನೆಯ್ದವಂತೂ (ಸೆರೆಮನೆಯಿಂದ ದಿವಾನಖಾನೆಗೆ ಇದೆಂತಹ ಪಯಣ!) ಬಹು ಶ್ಲಾಘಿತವಾದುವು. ಇಂತಹ ರತ್ನಗಂಬಳಿಗಳು ಸೇರಿದ, ಕುರ್ಚಿ, ಮೇಜು, ಸೋಫಾಗಳು ನೆಲದ ಮೇಲೆ ಶಾಶ್ವತವಾಗಿ ನೆಲೆಯೂರಿದ ಮನೆಗಳಲ್ಲಿಯೇ, ಅವುಗಳ ಕಾಲುಗಳು ಹಾಸಿನ ಮೇಲಿರಬೇಕೋ ಹೊರಗಿರಬೇಕೋ, ಗೋಡೆಯಂಚಿಗೆ ಎಷ್ಟು ನೆಲ ಬರಿದಾಗಿ ಉಳಿಯಬೇಕೋ ಎಂಬ ಜಿಜ್ಞಾಸೆಗಳು ಹುಟ್ಟಿಕೊಂಡುವು.